ಗಾಳಿಗೊಂದು ದಾರಿ

ವಿಮಾನವನ್ನು ಕಂಡೊಡನೆ ನೋಡುವವರ ಕಣ್ಣು ಮೊದಲು ಹೋಗುವುದು ಅದರ ರೆಕ್ಕೆಗಳ ಕಡೆಗೆ. ಹಾರುವ ವಿದ್ಯೆಯೆಲ್ಲವೂ ರೆಕ್ಕೆಯಲ್ಲಿಯೇ ಅಡಗಿದೆಯೆಂದು ಭಾವಿಸುವುದು ಸಹಜ. ಆದರೆ 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಬಳಿಯ ಮರಳುದಿಬ್ಬಗಳ ನಡುವೆ ರೈಟ್ ಸಹೋದರರು ಹಾರಿಸಿದ ವಿಮಾನದ ಚಿತ್ರವನ್ನು ಗಮನವಿಟ್ಟು ನೋಡಿದರೆ, ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ನಡುವಣ ಕಂಬವೊಂದಕ್ಕೆ ಕಟ್ಟಿದ, ನೆಟ್ಟಗೆ ನಿಂತ ಲೋಹದ ಕೊಳವೆಗಳು ಕಾಣುತ್ತವೆ. ಅವೇ ಆ ವಿಮಾನದ ರೇಡಿಯೇಟರ್. ಎಂಜಿನ್ನನ್ನು ತಣಿಸುವ ನೀರು ಆ ಕೊಳವೆಗಳಲ್ಲಿತ್ತು. ಮಾನವನ ಮೊದಲ ವಿಮಾನವೂ ರೆಕ್ಕೆಯೊಡನೆ ರೇಡಿಯೇಟರನ್ನು ಹೊತ್ತುಕೊಂಡೇ ಮೇಲೆದ್ದಿತು.

ಇದಕ್ಕೆ ಕಾರಣ ಸರಳವಾದುದು. ಎಂಜಿನ್ನಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸರಿಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಪ್ರೊಪೆಲ್ಲರನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಕ್ಕೆ ಹೋಗುತ್ತದೆ. ಉಳಿದ ಪಾಲು ಎಂಜಿನ್ನಿನ ಮೈಯನ್ನು ಕಾಯಿಸುತ್ತದೆ. ಈ ಬಿಸಿಯನ್ನು ಕ್ಷಣಕ್ಷಣವೂ ಹೊರಹಾಕುತ್ತಲೇ ಇರಬೇಕು. ಇಲ್ಲವಾದರೆ ಲೋಹವು ಹಿಗ್ಗಿ, ಎಣ್ಣೆಯು ತೆಳ್ಳಗಾಗಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಕೆಟ್ಟು ನಿಲ್ಲುತ್ತದೆ. ಘಟ್ಟವನ್ನೇರುವ ಬಸ್ಸಿನ ರೇಡಿಯೇಟರ್ ಕುದಿಯತೊಡಗಿದರೆ ಚಾಲಕನು ಬಸ್ಸನ್ನು ರಸ್ತೆಯ ಮಗ್ಗುಲಿಗೆ ನಿಲ್ಲಿಸಿ, ಆರುವವರೆಗೆ ಕಾದು, ನೀರು ತುಂಬಿಸಿ ಮುಂದುವರಿಯುತ್ತಾನೆ. ಆಕಾಶದಲ್ಲಿ ಹಾಗೆ ನಿಲ್ಲಲು ಮಗ್ಗುಲೆಂಬುದಿಲ್ಲ.

ದೊಡ್ಡ ಕಾರ್ಖಾನೆಗಳಲ್ಲಿ ವಿಮಾನ ಕಟ್ಟುವವರಿಗೆ ಈ ಸಮಸ್ಯೆಯನ್ನು ಬಿಡಿಸಲು ತಜ್ಞರ ತಂಡಗಳಿವೆ, ಗಾಳಿಸುರಂಗಗಳಿವೆ. ಆದರೆ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿಯೋ, ಕಾರು ನಿಲ್ಲಿಸುವ ಕೋಣೆಯಲ್ಲಿಯೋ ತಮ್ಮ ಕೈಯಾರೆ ವಿಮಾನ ಕಟ್ಟುವ ಜನರೂ ಈ ಜಗತ್ತಿನಲ್ಲಿದ್ದಾರೆ. ಅಮೆರಿಕದಲ್ಲಿ ಇಂತಹವರ ಸಂಖ್ಯೆ ದೊಡ್ಡದು. ಅವರ ಸಂಘವು 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಎಂಬವರ ನೇತೃತ್ವದಲ್ಲಿ ಹುಟ್ಟಿತು. ವಿಮಾನದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ಹವ್ಯಾಸಿಗಳೇ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡಿದ್ದರೆ ಅದನ್ನು ಹಾರಿಸಲು ಆ ದೇಶದ ಕಾನೂನು ಅನುಮತಿ ನೀಡುತ್ತದೆ. 1975ರಲ್ಲಿ ಬರ್ಟ್ ರುಟಾನ್ ಎಂಬ ವಿನ್ಯಾಸಕಾರನು ‘ವೇರಿ ಈಝೀ’ ಎಂಬ ಪುಟ್ಟ ವಿಮಾನವನ್ನು ಹಾರಿಸಿದನು. ಹಗುರವಾದ ನೊರೆಹಲಗೆಯನ್ನು ಬೇಕಾದ ಆಕಾರಕ್ಕೆ ಕೊಯ್ದು, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಹಾಸಿ, ಎಪಾಕ್ಸಿ ರಾಳವನ್ನು ಸವರಿ ಗಟ್ಟಿಗೊಳಿಸುವುದು ಆತನ ರೀತಿ. ಅಚ್ಚುಗಳಿಲ್ಲದೆ, ಭಾರಿ ಯಂತ್ರಗಳಿಲ್ಲದೆ ಬಳಸಬಹುದಾದ ಈ ರೀತಿ ಮನೆಯಲ್ಲಿ ವಿಮಾನ ಕಟ್ಟುವವರಿಗೆ ವರವಾಯಿತು.

ಮೈಯನ್ನೇನೋ ಕೈಯಿಂದ ಕಟ್ಟಬಹುದು. ಎಂಜಿನ್ನನ್ನು ಮಾತ್ರ ಕೊಳ್ಳಬೇಕು. ವಿಮಾನಕ್ಕೆಂದೇ ಮಾಡಿದ ಎಂಜಿನ್ನುಗಳ ಬೆಲೆ ಬಹಳ. ಆದುದರಿಂದ ಕೆಲವರ ಕಣ್ಣು ಕಾರಿನ ಎಂಜಿನ್ನುಗಳ ಮೇಲೆ, ಅವುಗಳಲ್ಲಿಯೂ ರೋಟರಿ ಎಂಜಿನ್ನಿನ ಮೇಲೆ ಬಿದ್ದಿತು. ಮೊದಲ ಮಹಾಯುದ್ಧದ ಕಾಲದಲ್ಲಿಯೂ ರೋಟರಿ ಎಂಬ ಹೆಸರಿನ ವಿಮಾನ ಎಂಜಿನ್ನುಗಳಿದ್ದವು. ಅವುಗಳಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನೊಡನೆ ಗಿರಗಿರನೆ ತಿರುಗುತ್ತಿದ್ದವು. ಇಲ್ಲಿ ಹೇಳುತ್ತಿರುವುದು ಬೇರೆಯದು. ಇದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎಂಬಾತನ ಕಲ್ಪನೆ. ಎನ್‌ಎಸ್‌ಯು ಎಂಬ ಸಂಸ್ಥೆಯ ಆಶ್ರಯದಲ್ಲಿ 1957ರಲ್ಲಿ ಇದು ಮೊದಲ ಸಲ ಓಡಿತು. ಅನಂತರ ಜಪಾನಿನ ಮಜ್ದಾ ಸಂಸ್ಥೆಯು ಇದನ್ನು ತಿದ್ದಿ ತೀಡಿ, 1967ರಿಂದ ತನ್ನ ಕಾರುಗಳಲ್ಲಿ ಅಳವಡಿಸತೊಡಗಿತು. ವಿಮಾನ ಕಟ್ಟುವವರ ಮೆಚ್ಚುಗೆಗೆ ಪಾತ್ರವಾದುದು ಆ ಸಂಸ್ಥೆಯ ‘13ಬಿ’ ಎಂಬ ಎರಡು ರೋಟರುಗಳ ಎಂಜಿನ್.

ಈ ಎಂಜಿನ್ನಿನ ಒಳಗೆ ಮೇಲೆ ಕೆಳಗೆ ಜಗ್ಗಾಡುವ ಪಿಸ್ಟನ್ನುಗಳಿಲ್ಲ, ಬಡಿದುಕೊಳ್ಳುವ ಕವಾಟಗಳಿಲ್ಲ. ನಡು ತುಸು ಒತ್ತಿಕೊಂಡ ಅಂಡಾಕೃತಿಯ ಕೋಶದೊಳಗೆ, ಬದಿಗಳು ಉಬ್ಬಿದ ತ್ರಿಕೋಣದಂತಹ ರೋಟರೊಂದು ಸುತ್ತುತ್ತದೆ. ಅದರ ಮೂರು ಮೂಲೆಗಳೂ ಸದಾ ಕೋಶದ ಗೋಡೆಯನ್ನು ಸವರುತ್ತಿರುತ್ತವೆ. ರೋಟರಿಗೂ ಗೋಡೆಗೂ ನಡುವೆ ಉಳಿಯುವ ಮೂರು ಪೊಳ್ಳುಗಳು ಸರದಿಯಂತೆ ಹಿಗ್ಗಿ ಕುಗ್ಗಿ, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದು, ಒತ್ತಿ, ಉರಿಸಿ, ಹೊರಹಾಕುತ್ತವೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ನಡುವಣ ಅಚ್ಚು ಮೂರು ಸುತ್ತು ತಿರುಗಿರುತ್ತದೆ. ಹಗುರ, ಸಣ್ಣ ಗಾತ್ರ, ಕಡಮೆ ನಡುಕ, ಮುರಿದುಹೋಗುವ ಬಿಡಿಭಾಗಗಳು ಕೆಲವೇ ಕೆಲವು: ವಿಮಾನಕ್ಕೆ ಬೇಕಾದ ಗುಣಗಳೆಲ್ಲ ಇದರಲ್ಲಿವೆ. ಅಚ್ಚು ಬಹಳ ವೇಗವಾಗಿ ತಿರುಗುವುದರಿಂದ ಪ್ರೊಪೆಲ್ಲರಿಗೆ ತಕ್ಕಂತೆ ಅದರ ವೇಗವನ್ನು ಇಳಿಸಲು ಹಲ್ಲಿನ ಚಕ್ರಗಳ ಪೆಟ್ಟಿಗೆಯೊಂದು ಬೇಕು. ಅದು ಬೇರೆಯ ಮಾತು.

ಇದರ ದೌರ್ಬಲ್ಯವಿರುವುದು ಬಿಸಿಯ ವಿಷಯದಲ್ಲಿ. ಪಿಸ್ಟನ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿದ ಜಾಗಕ್ಕೇ ಮರುಗಳಿಗೆಯಲ್ಲಿ ತಣ್ಣನೆಯ ಹೊಸ ಮಿಶ್ರಣವೂ ಬಂದು ತುಂಬುತ್ತದೆ. ರೋಟರಿಯಲ್ಲಿ ಹಾಗಲ್ಲ. ಕೋಶದ ಒಂದು ಪಕ್ಕದಲ್ಲಿ ಯಾವಾಗಲೂ ತಂಪು ಮಿಶ್ರಣ. ಇನ್ನೊಂದು ಪಕ್ಕದಲ್ಲಿ ಯಾವಾಗಲೂ ಬೆಂಕಿ. ಆ ಬಿಸಿ ಪಕ್ಕಕ್ಕೆ ಬಿಡುವೆಂಬುದೇ ಇಲ್ಲ. ಮೇಲಾಗಿ ರೋಟರಿನ ಕೋಶಗಳು ಅಲ್ಯೂಮಿನಿಯಮ್ಮಿನವು. ಅವುಗಳ ಇಕ್ಕೆಲದ ಫಲಕಗಳು ಎರಕದ ಕಬ್ಬಿಣದವು. ಉದ್ದನೆಯ ಬೋಲ್ಟುಗಳು ಇವನ್ನೆಲ್ಲ ಒಂದರ ಪಕ್ಕದಲ್ಲೊಂದನ್ನು ಬಿಗಿದು ಹಿಡಿದಿರುತ್ತವೆ. ನೀರು ಒಳಕ್ಕೆ ಸೋರದಂತೆ ನಡುವೆ ರಬ್ಬರಿನ ಉಂಗುರಗಳಿರುತ್ತವೆ. ಎಂಜಿನ್ ಮಿತಿಮೀರಿ ಕಾದರೆ ಅಲ್ಯೂಮಿನಿಯಮ್ ಒಂದು ಪ್ರಮಾಣದಲ್ಲಿ, ಕಬ್ಬಿಣ ಇನ್ನೊಂದು ಪ್ರಮಾಣದಲ್ಲಿ ಹಿಗ್ಗುತ್ತವೆ. ಉಂಗುರಗಳು ನಜ್ಜುಗುಜ್ಜಾಗಿ ನೀರು ಉರಿಯುವ ಜಾಗಕ್ಕೇ ನುಗ್ಗುತ್ತದೆ. ಒಮ್ಮೆ ಹೀಗಾದ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚದೆ ಬೇರೆ ದಾರಿಯಿಲ್ಲ. ಕಾರಿನಲ್ಲಾದರೆ ಅದು ಹಣದ ನಷ್ಟ. ಓಡುದಾರಿಯನ್ನು ಬಿಟ್ಟು ಮರಗಳ ಮೇಲೆ ಏರುತ್ತಿರುವ ವಿಮಾನದಲ್ಲಿ ಅದು ಪ್ರಾಣದ ಪ್ರಶ್ನೆ.

ಏರುವಾಗಲೇ ಈ ಅಪಾಯ ಹೆಚ್ಚು. ಆಗ ಎಂಜಿನ್ ತನ್ನ ಪೂರ್ಣ ಶಕ್ತಿಯಿಂದ ದುಡಿಯುತ್ತಿರುತ್ತದೆ, ಬಿಸಿಯೂ ಅತಿ ಹೆಚ್ಚು ಹುಟ್ಟುತ್ತದೆ. ಆದರೆ ವಿಮಾನದ ವೇಗ ಅತಿ ಕಡಮೆಯಿರುವುದರಿಂದ ಗಾಳಿಯ ಬಲ ಸಾಲದು. ಘಟ್ಟವನ್ನೇರುವ ಬಸ್ಸಿನ ಪಾಡೂ ಇದೇ. ಎದುರಿನಿಂದ ಬಡಿಯುವ ಗಾಳಿಯ ಒತ್ತಡವು ವೇಗದ ವರ್ಗದಂತೆ ಹೆಚ್ಚುತ್ತದೆ. ಅಂದರೆ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಹಾರುವಾಗ ಆ ಒತ್ತಡವು ಕೊಳವೆಯಲ್ಲಿ ನೀರನ್ನು ಸುಮಾರು 430 ಮಿಲಿಮೀಟರ್ ಎತ್ತಬಲ್ಲುದು. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಏರುವಾಗ ಎತ್ತುವುದು ಕೇವಲ 108 ಮಿಲಿಮೀಟರ್. ಈ ಅಲ್ಪ ಬಂಡವಾಳದಲ್ಲಿಯೇ ಕೆಲಸ ಸಾಗಬೇಕು.

ಕೆಲಸವಾದರೂ ಎಷ್ಟು? ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಸುಮಾರು 160 ಅಶ್ವಶಕ್ತಿಯ ಎಂಜಿನ್ನಿನಿಂದ ನೀರು ಮತ್ತು ಎಣ್ಣೆಯ ಮೂಲಕ 100 ಕಿಲೋವಾಟ್ ಶಾಖವನ್ನು ಹೊರಹಾಕಬೇಕಾಗಿದೆ ಎಂದಿಟ್ಟುಕೊಳ್ಳೋಣ. ಒಂದೊಂದು ಕಿಲೋವಾಟಿನ ನೂರು ವಿದ್ಯುತ್ ಒಲೆಗಳನ್ನು ಒಟ್ಟಿಗೆ ಹೊತ್ತಿಸಿದರೆ ಬರುವಷ್ಟು ಶಾಖ ಅದು. ಒಂದು ಕಿಲೋಗ್ರಾಂ ಗಾಳಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು ಒಂದು ಕಿಲೋಜೌಲ್ ಶಾಖ ಸಾಕು. ರೇಡಿಯೇಟರನ್ನು ಹಾಯುವಾಗ ಗಾಳಿಯು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುವುದಾದರೆ, ಪ್ರತಿ ಸೆಕೆಂಡಿಗೆ ಎರಡೂವರೆ ಕಿಲೋಗ್ರಾಂ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ ಅದು ಎರಡು ಘನಮೀಟರಿಗೂ ತುಸು ಹೆಚ್ಚು. ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ತರಗತಿಯ ಕೋಣೆಯಲ್ಲಿರುವ ಗಾಳಿಯೆಲ್ಲ ಒಂದು ನಿಮಿಷದೊಳಗೆ ಆ ರೇಡಿಯೇಟರಿನ ಸಂದುಗಳಲ್ಲಿ ನುಸುಳಿ ಹೋಗಬೇಕು.

ಈ ಲೆಕ್ಕವನ್ನು ನೋಡಿದ ಯಾರಿಗೇ ಆಗಲಿ ಮೊದಲು ಹೊಳೆಯುವ ಉಪಾಯವೆಂದರೆ ರೇಡಿಯೇಟರನ್ನು ಗಾಳಿಗೆ ನೇರವಾಗಿ ಒಡ್ಡುವುದು. ರೈಟ್ ಸಹೋದರರು ಮಾಡಿದ್ದೂ ಅದನ್ನೇ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳಲ್ಲಿ ಇದ್ದದ್ದೂ ಹಾಗೆಯೇ. ನಿಧಾನವಾದ ವಿಮಾನಗಳಿಗೆ ಅದು ನಡೆಯಿತು. ವೇಗ ಹೆಚ್ಚಿದಂತೆ, ಗಾಳಿಗೆ ಅಡ್ಡಲಾಗಿ ನಿಂತ ಆ ಜಾಲರಿಯು ವಿಮಾನವನ್ನು ಹಿಂದಕ್ಕೆಳೆಯುವ ಲಂಗರಾಯಿತು. ಇಂಗ್ಲೆಂಡಿನ ಆರ್. ಜೆ. ಮಿಚೆಲ್ ಎಂಬ ವಿನ್ಯಾಸಕಾರನು 1931ರಲ್ಲಿ ತನ್ನ ‘ಎಸ್ 6ಬಿ’ ಪಂದ್ಯದ ವಿಮಾನದಲ್ಲಿ ರೇಡಿಯೇಟರಿನ ಜಾಲರಿಯನ್ನೇ ತೆಗೆದುಹಾಕಿ, ರೆಕ್ಕೆಗಳ ಮತ್ತು ತೇಲುದೋಣಿಗಳ ಹೊದಿಕೆಯನ್ನು ಎರಡು ಪದರವಾಗಿಸಿ, ಅವುಗಳ ನಡುವೆ ನೀರನ್ನು ಹರಿಸಿದನು. ಆ ವರ್ಷದ ಸೆಪ್ಟೆಂಬರಿನಲ್ಲಿ ಅದು ಗಂಟೆಗೆ 655 ಕಿಲೋಮೀಟರಿನಷ್ಟು ವೇಗದಲ್ಲಿ ಹಾರಿ ವಿಶ್ವದಾಖಲೆಯನ್ನು ಸ್ಥಾಪಿಸಿತು. ಆದರೆ ಕೆಲವು ನಿಮಿಷ ಹಾರುವ ಪಂದ್ಯಕ್ಕೆ ಸರಿಹೋದ ಆ ನವುರಾದ ಏರ್ಪಾಡು ದಿನದಿನವೂ ಹಾರಬೇಕಾದ ವಿಮಾನಕ್ಕೆ, ಅದರಲ್ಲಿಯೂ ಗುಂಡಿನೇಟು ತಿನ್ನಬಹುದಾದ ಯುದ್ಧವಿಮಾನಕ್ಕೆ, ಹೊಂದುವಂತಹುದಲ್ಲ.

ಒಗಟನ್ನು ಬಿಡಿಸಿದ ಕೀರ್ತಿಯ ದೊಡ್ಡ ಪಾಲು ಎಫ್. ಡಬ್ಲ್ಯು. ಮೆರೆಡಿತ್ ಎಂಬ ಎಂಜಿನಿಯರನಿಗೆ ಸಲ್ಲಬೇಕು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನ ಸಂಸ್ಥೆಯಲ್ಲಿದ್ದ ಆತನು 1935ರಲ್ಲಿ ಒಂದು ವರದಿಯನ್ನು ಬರೆದನು. ಅದರ ತಿರುಳು ಹೀಗಿದೆ: ರೇಡಿಯೇಟರನ್ನು ಬಯಲಲ್ಲಿ ನಿಲ್ಲಿಸಬೇಡಿ, ನಾಳವೊಂದರ ಒಳಗೆ ಇಡಿ. ಸಣ್ಣ ಬಾಯಿಯಿಂದ ಗಾಳಿಯನ್ನು ಒಳಗೆ ಕರೆದುಕೊಳ್ಳಿ. ನಾಳವು ಕ್ರಮೇಣ ಅಗಲವಾಗಲಿ, ಗಾಳಿಯು ನಿಧಾನವಾಗಲಿ. ನಿಧಾನವಾಗಿ ಬಂದ ಗಾಳಿಯು ರೇಡಿಯೇಟರನ್ನು ಹಾಯ್ದು ಬಿಸಿಯನ್ನು ಹೊತ್ತುಕೊಳ್ಳಲಿ. ಅನಂತರ ನಾಳವನ್ನು ಮತ್ತೆ ಕಿರಿದುಗೊಳಿಸಿ. ಗಾಳಿಯು ತನ್ನ ವೇಗವನ್ನು ಮರಳಿ ಪಡೆದು ಹಿಂದಕ್ಕೆ ಚಿಮ್ಮಲಿ.

ಗಾಳಿಯನ್ನು ನಿಧಾನಿಸುವುದರಿಂದ ಏನು ಲಾಭ ಎಂಬ ಪ್ರಶ್ನೆ ಏಳುತ್ತದೆ. ವೇಗವಾಗಿ ಬೀಸಿದ ಗಾಳಿಯೇ ಚೆನ್ನಾಗಿ ತಣಿಸುತ್ತದೆಯಲ್ಲವೆ? ತಣಿಸುತ್ತದೆ ನಿಜ, ಆದರೆ ಅದಕ್ಕೆ ತೆರಬೇಕಾದ ಬೆಲೆ ವಿಪರೀತ. ಜಾಲರಿಯ ಕಿರುಸಂದುಗಳಲ್ಲಿ ಗಾಳಿಯ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅಲ್ಲಿಯ ತಡೆಯು ಹೆಚ್ಚುಕಡಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಸಾಗುವ ಶಾಖವಾದರೋ ಅರ್ಧದಷ್ಟೂ ಇಳಿಯುವುದಿಲ್ಲ. ಆ ಕೊರತೆಯನ್ನು ತುಸು ದೊಡ್ಡ ರೇಡಿಯೇಟರಿನಿಂದ ತುಂಬಿಕೊಳ್ಳಬಹುದು. ನಿಧಾನಿಸಿದ ಗಾಳಿಯು ತನ್ನ ವೇಗವನ್ನು ಸುಮ್ಮನೆ ಕಳೆದುಕೊಳ್ಳುವುದೂ ಇಲ್ಲ. ಹರಿಯುವ ವಸ್ತುವಿನ ವೇಗ ತಗ್ಗಿದಾಗ ಅದರ ಒತ್ತಡ ಹೆಚ್ಚುತ್ತದೆಯೆಂಬುದನ್ನು ಡೇನಿಯಲ್ ಬರ್ನೂಲಿ 1738ರಲ್ಲಿಯೇ ತೋರಿಸಿಕೊಟ್ಟಿದ್ದನು. ಹೀಗೆ ಹೆಚ್ಚಿದ ಒತ್ತಡವೇ ಗಾಳಿಯನ್ನು ಜಾಲರಿಯ ಒಳಕ್ಕೆ ನೂಕುವ ಕೈ.

ಮೆರೆಡಿತ್ ಇನ್ನೂ ಒಂದು ಮಾತನ್ನು ಹೇಳಿದನು. ರೇಡಿಯೇಟರಿನಲ್ಲಿ ಕಾದ ಗಾಳಿಯು ಹಿಗ್ಗುತ್ತದೆ. ಹಿಗ್ಗಿದ ಗಾಳಿಯು ಕಿರಿದಾದ ಬಾಲದಿಂದ ಹೊರಬೀಳುವಾಗ ಒಳಬಂದುದಕ್ಕಿಂತ ಹೆಚ್ಚು ರಭಸವನ್ನು ಪಡೆಯಬಹುದು. ಆಗ ರೇಡಿಯೇಟರೇ ವಿಮಾನವನ್ನು ಒಂದಿಷ್ಟು ಮುಂದಕ್ಕೆ ನೂಕುತ್ತದೆ. ಈ ತತ್ತ್ವವು ಇಂದಿಗೂ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1936ರ ಮಾರ್ಚಿಯಲ್ಲಿ ಹಾರಿದ ಸ್ಪಿಟ್‌ಫೈರ್ ವಿಮಾನದ ರೆಕ್ಕೆಯಡಿಯ ರೇಡಿಯೇಟರನ್ನು ಅದೇ ಮಿಚೆಲ್ ಈ ತತ್ತ್ವದಂತೆ ನಾಳದೊಳಗಿಟ್ಟನು. 1940ರ ಅಕ್ಟೋಬರ್ 26ರಂದು ಮೊದಲ ಸಲ ಹಾರಿದ ಅಮೆರಿಕದ ಮಸ್ಟ್ಯಾಂಗ್ ವಿಮಾನದಲ್ಲಿ ಇದು ಇನ್ನೂ ಪರಿಪಕ್ವವಾಯಿತು. ಆ ವಿಮಾನದ ಹೊಟ್ಟೆಯಡಿಯಲ್ಲಿ, ಚಾಲಕನ ಹಿಂದೆ, ಉದ್ದನೆಯ ನಾಳವಿದೆ. ಅದರ ಬಾಲದಲ್ಲಿ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಲ್ಲ ಬಾಗಿಲಿದೆ. ಇಂತಹ ನಾಳದಿಂದ ರೇಡಿಯೇಟರಿನ ತಡೆಯ ಬಹುಭಾಗವೇ ಮಾಯವಾಯಿತೆನ್ನುತ್ತಾರೆ. ತಡೆಯೆಲ್ಲ ಹೋಗಿ ಮೇಲೆ ನೂಕುಬಲವೂ ದೊರಕಿತೆಂದು ಹೊಗಳುವವರೂ ಉಂಟು. ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಗಂಟೆಗೆ 300 ಕಿಲೋಮೀಟರ್ ಹಾರುವ ಮನೆಯ ವಿಮಾನಕ್ಕಂತೂ ಈ ನೂಕುಬಲದ ಆಸೆ ಸಲ್ಲದು. ಅದಕ್ಕೆ ದಕ್ಕುವುದು ನಿಧಾನಿಸಿ ಮತ್ತೆ ಓಡಿಸುವ ಉಪಾಯದ ಲಾಭ, ಅದೇನೂ ಸಣ್ಣದಲ್ಲ.

ನಾಳವನ್ನು ಮಾಡುವುದೆಂದರೆ ಒಂದು ಪೆಟ್ಟಿಗೆಯನ್ನು ಹೊಡೆದಂತಲ್ಲ. ಅದರ ಬಾಯಿಯಿಂದಲೇ ತೊಡಕುಗಳು ಮೊದಲಾಗುತ್ತವೆ. ಮೇಲಿನ ಲೆಕ್ಕದ ಎರಡು ಘನಮೀಟರ್ ಗಾಳಿ, ಏರುವ ವೇಗದಲ್ಲಿ ಒಳಬರಲು ಸುಮಾರು 500 ಚದರ ಸೆಂಟಿಮೀಟರ್ ಬಾಯಿ ಸಾಕು; ಅಂದರೆ ಪ್ರತಿ ಬದಿಯೂ 22 ಸೆಂಟಿಮೀಟರ್ ಇರುವ ಒಂದು ಚೌಕ. ಬಾಯಿಯ ತುಟಿಗಳು ಹರಿತವಾಗಿರಕೂಡದು. ವಿಮಾನ ಮೂಗೆತ್ತಿ ಏರುವಾಗ ಗಾಳಿ ಓರೆಯಾಗಿ ಬರುವುದರಿಂದ ದುಂಡನೆಯ ತುಟಿ ಅದನ್ನು ಮುರಿಯದೆ ಒಳಗೆ ಬಾಗಿಸಿಕೊಳ್ಳುತ್ತದೆ. ಬಾಯಿಯು ವಿಮಾನದ ಮೈಗೆ ಅಂಟಿಕೊಂಡಿರಲೂ ಕೂಡದು. ಮೈಯನ್ನು ಉಜ್ಜುತ್ತ ಬರುವ ಗಾಳಿಯ ತೆಳುಪದರವು ದಣಿದ ಗಾಳಿ. ಅದರಲ್ಲಿ ಒತ್ತಡವನ್ನು ಹುಟ್ಟಿಸುವ ಕಸುವಿಲ್ಲ. ಮಸ್ಟ್ಯಾಂಗಿನಲ್ಲಿ ಈ ಪದರವು ನಾಳಕ್ಕೆ ನುಗ್ಗಿದಾಗ ಹೊಟ್ಟೆಯೊಳಗೆ ಗುಡುಗಿನಂತಹ ಸದ್ದೇಳುತ್ತಿತ್ತು. ಬಾಯಿಯನ್ನು ರೆಕ್ಕೆಯ ತಳದಿಂದ ಕೆಲವು ಅಂಗುಲ ಕೆಳಕ್ಕಿಳಿಸಿ, ನಡುವೆ ಸಂದು ಬಿಟ್ಟು, ದಣಿದ ಗಾಳಿಯು ಪಕ್ಕಕ್ಕೆ ಹರಿದುಹೋಗುವಂತೆ ಮಾಡಿದ ಮೇಲೆ ಅದು ಅಡಗಿತು. ಮಸ್ಟ್ಯಾಂಗಿನ ಚಿತ್ರವನ್ನು ನೋಡುವವರು ಆ ಸಂದನ್ನು ಇಂದಿಗೂ ಗುರುತಿಸಬಹುದು.

ಬಾಯಿಯಿಂದ ರೇಡಿಯೇಟರಿನವರೆಗಿನ ಅಗಲವಾಗುತ್ತ ಹೋಗುವ ಭಾಗವೇ ಇಡೀ ನಾಳದ ಮರ್ಮಸ್ಥಾನ. ರೇಡಿಯೇಟರಿನ ಮುಖವು ಬಾಯಿಯ ನಾಲ್ಕರಷ್ಟು ವಿಸ್ತಾರವಾಗಿದ್ದರೆ ಗಾಳಿಯ ವೇಗವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯಬೇಕು. ಆದರೆ ಗಾಳಿಯು ಹೇಳಿದಂತೆ ಕೇಳುವ ವಸ್ತುವಲ್ಲ. ಕಿರಿದಾದ ಕಾಲುವೆಯ ನೀರು ಥಟ್ಟನೆ ಅಗಲವಾದ ಹೊಂಡಕ್ಕೆ ಬಿದ್ದಾಗ ಏನಾಗುತ್ತದೆಯೆಂಬುದನ್ನು ಹಳ್ಳಿಯ ಮಕ್ಕಳೆಲ್ಲ ಕಂಡಿರುತ್ತಾರೆ. ನಡುವೆ ನೀರು ಮೊದಲಿನ ರಭಸದಲ್ಲಿಯೇ ನುಗ್ಗುತ್ತದೆ. ಎರಡು ದಡಗಳಲ್ಲಿ ಅದು ಸುಳಿಸುತ್ತಿ ಹಿಂದಕ್ಕೇ ತಿರುಗುತ್ತದೆ. ಗಾಳಿಯೂ ಹಾಗೆಯೇ. ನಾಳದ ಗೋಡೆಗಳು ಒಂದರಿಂದೊಂದು ಬಹುಬೇಗ ದೂರ ಸರಿದರೆ ಗಾಳಿಯು ಗೋಡೆಯನ್ನು ಬಿಟ್ಟು ಸಿಡಿಯುತ್ತದೆ. ರೇಡಿಯೇಟರಿನ ನಡುಭಾಗಕ್ಕೆ ಮಾತ್ರ ಗಾಳಿ ಬಡಿದು, ಮೂಲೆಗಳು ಬರಿದೆ ಭಾರವನ್ನು ಹೊತ್ತಂತಾಗುತ್ತದೆ. ನೇರವಾದ ಗೋಡೆಗಳಿದ್ದರೆ ಅವುಗಳ ನಡುವಣ ಕೋನವು ಏಳರಿಂದ ಹತ್ತು ಡಿಗ್ರಿಯೊಳಗೆ ಇರಬೇಕೆಂಬುದು ಅನುಭವದ ಮಾತು. ಹಾಗೆ ಮಾಡಹೊರಟರೆ ನಾಳವು ಒಂದು ಮೀಟರಿಗೂ ಉದ್ದವಾಗುತ್ತದೆ. ಪುಟ್ಟ ವಿಮಾನದ ಮೂಗಿನಲ್ಲಿ ಎಂಜಿನ್ನೇ ಇಕ್ಕಟ್ಟಿನಲ್ಲಿ ಕುಳಿತಿರುವಾಗ ಅಷ್ಟು ಜಾಗ ಎಲ್ಲಿಂದ ಬರಬೇಕು?

ಇಲ್ಲಿ ನೆರವಿಗೆ ಬಂದವರು ಡೀಟ್ರಿಖ್ ಕ್ಯೂಖೆಮನ್ ಮತ್ತು ಯೊಹಾನ್ನ ವೆಬರ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇವರು ಮೆರೆಡಿತ್ ಇದ್ದ ಅದೇ ಫಾರ್ನ್‌ಬರೋ ಸಂಸ್ಥೆಗೆ ಬಂದು ನೆಲಸಿದರು. ಶಬ್ದಕ್ಕಿಂತ ವೇಗವಾಗಿ ಹಾರಿದ ಕಾಂಕಾರ್ಡ್ ವಿಮಾನದ ರೆಕ್ಕೆಯ ರೂಪಕ್ಕೆ ತಳಹದಿ ಹಾಕಿದವರಲ್ಲಿಯೂ ಇವರ ಹೆಸರುಗಳಿವೆ. 1953ರಲ್ಲಿ ಪ್ರಕಟವಾದ ಇವರ ಗ್ರಂಥದಲ್ಲಿ ರೇಡಿಯೇಟರಿನ ನಾಳಗಳ ವಿಚಾರವೂ ಬಂದಿದೆ. ರೇಡಿಯೇಟರಿನ ಜಾಲರಿಯು ತಾನೇ ಒಂದು ತಡೆಯಾಗಿ ಗಾಳಿಯನ್ನು ಸಮನಾಗಿ ಹರಡುತ್ತದೆ; ಆದುದರಿಂದ ಅದರ ಹತ್ತಿರ ನಾಳವು ತಟ್ಟನೆ ಅರಳಿದರೂ ಅಷ್ಟು ಕೆಡುಕಿಲ್ಲ. ಈ ತಿಳಿವಿನಂತೆ ನಾಳವು ಮೊದಲು ನೀಳವಾಗಿ, ಬಹು ಮೆಲ್ಲನೆ ಅಗಲವಾಗುತ್ತ ಬಂದು, ಜಾಲರಿಯ ಮುಂದೆ ಕಹಳೆಯ ಬಾಯಿಯಂತೆ ಅಥವಾ ಉಮ್ಮತ್ತಿಯ ಹೂವಿನಂತೆ ಅರಳುತ್ತದೆ. ಮನೆಯಲ್ಲಿ ವಿಮಾನ ಕಟ್ಟುವವರು ಈ ಆಕಾರವನ್ನು ಬಹಳವಾಗಿ ಮೆಚ್ಚಿಕೊಂಡರು. ನೊರೆಹಲಗೆಯ ತುಂಡನ್ನು ಉಮ್ಮತ್ತಿಯ ಹೂವಿನ ಒಳಗಿನ ಆಕಾರಕ್ಕೆ ಉಜ್ಜಿ, ಅದರ ಮೇಲೆ ಗಾಜಿನ ನಾರನ್ನು ಸುತ್ತಿ, ರಾಳ ಒಣಗಿದ ಮೇಲೆ ಒಳಗಿನ ನೊರೆಯನ್ನು ಕೆರೆದು ತೆಗೆದರೆ ನಾಳ ಸಿದ್ಧ. ರುಟಾನನು ರೆಕ್ಕೆಗೆಂದು ಕಲಿಸಿದ ಕೈಕೆಲಸ ಇಲ್ಲಿ ಹೀಗೆ ಉಪಯೋಗಕ್ಕೆ ಬಂದಿತು.

ನಾಳವು ರೇಡಿಯೇಟರಿನ ಅಂಚಿಗೆ ಬಿಗಿಯಾಗಿ ಕೂಡಿಕೊಳ್ಳಬೇಕು. ಇದು ಕೇಳಲು ಕ್ಷುಲ್ಲಕ. ಆದರೆ ಒಂದು ಬೆರಳು ತೂರುವಷ್ಟು ಸಂದಿದ್ದರೂ ಗಾಳಿಯು ಜಾಲರಿಯ ಕಷ್ಟದ ದಾರಿಯನ್ನು ಬಿಟ್ಟು ಆ ಸಂದಿನಿಂದಲೇ ಪಾರಾಗುತ್ತದೆ. ಒತ್ತಡ ಮೊದಲೇ ಅಲ್ಪ. ಅದರಲ್ಲಿ ಸೋರಿಕೆ ಬೇರೆ. ಎಂಜಿನ್ ನಡುಗುವುದರಿಂದ ಗಟ್ಟಿಯಾದ ಜೋಡಣೆ ಬಿರಿಯುತ್ತದೆ; ಅದಕ್ಕಾಗಿ ರಬ್ಬರಿನ ಪಟ್ಟಿಗಳನ್ನು ಹಾಕುತ್ತಾರೆ.

ಬಾಲದ ವಿಷಯಕ್ಕೆ ಬಂದರೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಎಂಜಿನ್ ಕಾಯುತ್ತಿದೆಯೆಂದರೆ ಬಾಯಿಯನ್ನು ದೊಡ್ಡದು ಮಾಡಬೇಕೆಂದು ಅವರು ಗರಗಸವನ್ನು ಕೈಗೆತ್ತಿಕೊಳ್ಳುತ್ತಾರೆ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ಒಳಗೆ ಬರುವುದಾದರೂ ಹೇಗೆ? ತೂಬನ್ನು ತೆರೆಯದೆ ಕೆರೆಯ ಕೋಡಿಯ ಬಳಿ ಕಾಲುವೆಯನ್ನು ಅಗಲಗೊಳಿಸಿದಂತೆ ಅದು ವ್ಯರ್ಥ. ಬಾಯಿಯನ್ನು ಹಿಗ್ಗಿಸಿದಷ್ಟೂ ಮಿಕ್ಕ ಗಾಳಿಯು ತುಟಿಯ ಮೇಲೆ ಚೆಲ್ಲಿ, ವಿಮಾನದ ತಡೆ ಹೆಚ್ಚುತ್ತದೆ. ಎಂಜಿನ್ನಿನ ಬಿಸಿ ಇದ್ದಂತೆಯೇ ಇರುತ್ತದೆ. ಜಾಲರಿಯಲ್ಲಿ ಎಷ್ಟು ಗಾಳಿ ಹಾಯಬೇಕೆಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಬಾಲದ ಕಂಡಿ. ಕಾದು ಹಿಗ್ಗಿದ ಗಾಳಿ ಹೆಚ್ಚು ಜಾಗವನ್ನು ಬೇಡುತ್ತದೆಯೆಂಬುದನ್ನೂ ನೆನಪಿಡಬೇಕು. ಏರುವಾಗ ತೆರೆಯಲು, ಸಮತಟ್ಟಾಗಿ ವೇಗದಿಂದ ಹಾರುವಾಗ ಮುಚ್ಚಲು ಅನುಕೂಲವಾಗುವಂತೆ ಬಾಲಕ್ಕೆ ಬಾಗಿಲನ್ನು ಅಳವಡಿಸುವುದು ಉತ್ತಮ. ತೆರೆದ ಬಾಗಿಲು ಹೊರಗಿನ ಗಾಳಿಗೆ ಅಡ್ಡವಾಗಿ, ತನ್ನ ಹಿಂದೆ ಒತ್ತಡವನ್ನು ತಗ್ಗಿಸಿ, ಒಳಗಿನ ಗಾಳಿಯನ್ನು ಹೀರಿಕೊಳ್ಳುತ್ತದೆ.

ರೋಟರಿ ಎಂಜಿನ್ನಿಗೆ ಒಂದು ನಾಳ ಸಾಲದು. ಅದರ ರೋಟರನ್ನು ಒಳಗಿನಿಂದ ತಣಿಸುವುದು ನೀರಲ್ಲ, ಎಣ್ಣೆ. ಅಚ್ಚಿನ ಸಣ್ಣ ರಂಧ್ರಗಳಿಂದ ಚಿಮ್ಮುವ ಎಣ್ಣೆಯು ರೋಟರಿನ ಹೊಟ್ಟೆಯನ್ನು ತೊಳೆದು ಬರುತ್ತದೆ. ಹೊರಹಾಕಬೇಕಾದ ಬಿಸಿಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಎಣ್ಣೆಯೇ ಹೊರುತ್ತದೆ. ಆದುದರಿಂದ ಎಣ್ಣೆಗೂ ಪ್ರತ್ಯೇಕವಾದ ರೇಡಿಯೇಟರ್, ಅದಕ್ಕೊಂದು ಪ್ರತ್ಯೇಕ ನಾಳ. ಪ್ರೊಪೆಲ್ಲರಿನ ಹಿಂದೆ ಎಡಬಲಗಳಲ್ಲಿ ಎರಡು ಕೆನ್ನೆಗಳಂತೆ ಬಾಯಿಗಳಿರುವ ವಿಮಾನಗಳಲ್ಲಿ ಒಂದನ್ನು ನೀರಿಗೂ ಇನ್ನೊಂದನ್ನು ಎಣ್ಣೆಗೂ ಕೊಡುವುದುಂಟು. ರುಟಾನನ ವಿಮಾನಗಳಂತೆ ಎಂಜಿನ್ನೂ ಪ್ರೊಪೆಲ್ಲರೂ ಹಿಂದಿದ್ದರೆ ಕಷ್ಟ ಹೆಚ್ಚು. ಅಲ್ಲಿ ನೆಲದ ಮೇಲೆ ನಿಂತಾಗ ಪ್ರೊಪೆಲ್ಲರಿನ ಗಾಳಿ ನಾಳದ ಬಾಯಿಗೆ ಬಡಿಯುವುದೇ ಇಲ್ಲ. ಬಾಲದ ಕಡೆಯಿಂದ ಅದು ಹೀರಿದಷ್ಟೇ ಲಾಭ.

ಇಷ್ಟೆಲ್ಲ ಮಾಡಿದ ನಾಳವು ನಿಜವಾಗಿಯೂ ಕೆಲಸ ಮಾಡುತ್ತಿದೆಯೆ? ಒಳಗೆ ಇಣುಕಿ ನೋಡಲು ಗಾಳಿ ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಬೇಕಾದ ಉಪಕರಣವನ್ನು ಯಾವ ಶಾಲೆಯ ಪ್ರಯೋಗಾಲಯದಲ್ಲಿಯೂ ಕಾಣಬಹುದು. ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿದ, ಬಣ್ಣದ ನೀರು ತುಂಬಿದ ಕೊಳವೆಯೇ ಅದು. ಎರಡು ಅಡಿಯ ಹಲಗೆಗೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಬಗ್ಗಿಸಿ ಕಟ್ಟಿ, ಒಂದು ತುದಿಯನ್ನು ರೇಡಿಯೇಟರಿನ ಮುಂದಿನ ನಾಳಕ್ಕೂ, ಇನ್ನೊಂದು ತುದಿಯನ್ನು ಹೊರಗಿನ ಗಾಳಿಯ ಸಹಜ ಒತ್ತಡವನ್ನು ತಿಳಿಸುವ ರಂಧ್ರಕ್ಕೂ ಜೋಡಿಸಿದರಾಯಿತು. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ದೊರೆಯಬಹುದಾದ ಒತ್ತಡ 108 ಮಿಲಿಮೀಟರ್ ಎಂದು ಹಿಂದೆ ನೋಡಿದೆವಷ್ಟೆ. ಕೊಳವೆಯ ಎರಡು ಕೈಗಳ ನೀರಿನ ಮಟ್ಟದಲ್ಲಿ 80 ಮಿಲಿಮೀಟರ್ ಅಂತರ ಕಂಡರೆ, ನಾಳವು ಮುಕ್ಕಾಲು ಪಾಲು ಒತ್ತಡವನ್ನು ಉಳಿಸಿಕೊಂಡಿದೆಯೆಂದು ತೃಪ್ತಿಪಡಬಹುದು. 30 ಮಾತ್ರ ಕಂಡರೆ ಗಾಳಿ ಗೋಡೆಯನ್ನು ಬಿಟ್ಟಿದೆ ಅಥವಾ ಎಲ್ಲಿಯೋ ಸೋರುತ್ತಿದೆ. ರೇಡಿಯೇಟರಿನ ಹಿಂದೆಯೂ ಹೀಗೆಯೇ ಅಳೆಯಬೇಕು. ಮುಂದೆಯೂ ಹಿಂದೆಯೂ ಒತ್ತಡ ಹೆಚ್ಚಾಗಿಯೇ ಇದ್ದರೆ ಬಾಲ ಕಟ್ಟಿಕೊಂಡಿದೆಯೆಂದು ಅರ್ಥ. ಲಕ್ಷಾಂತರ ಬೆಲೆಯ ವಿಮಾನದೊಳಗೆ ಚಾಲಕನು ಬಣ್ಣದ ನೀರಿನ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾರುವುದು ನೋಡಲು ನಗೆ ತರಿಸಬಹುದು. ಈ ಕೆಲಸಕ್ಕೆ ಅದಕ್ಕಿಂತ ಅಗ್ಗವಾದ, ನಂಬಿಕೆಗೆ ಅರ್ಹವಾದ ಉಪಕರಣ ಸಿಗುವುದು ಕಷ್ಟ.

ಅಮೆರಿಕದಲ್ಲಿ ಕಾರಿನ ಎಂಜಿನ್ ಹೊತ್ತ ಹೊಸ ವಿಮಾನವು ಸಾಮಾನ್ಯವಾಗಿ ಮೊದಲ 40 ಗಂಟೆಗಳನ್ನು ಗೊತ್ತುಪಡಿಸಿದ ಪ್ರದೇಶದೊಳಗೆ, ಪ್ರಯಾಣಿಕರಿಲ್ಲದೆ ಹಾರಬೇಕು. ತಿಳಿದವರು ಮೊದಲ ಹಾರಾಟವನ್ನು ತಂಪಾದ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ. ನೆಲದ ಮೇಲೆ ಹೆಚ್ಚು ಹೊತ್ತು ಎಂಜಿನ್ನನ್ನು ಓಡಿಸುತ್ತ ನಿಲ್ಲುವುದಿಲ್ಲ. ರೇಡಿಯೇಟರಿನ ಮುಚ್ಚಳವು ನೀರನ್ನು ಒತ್ತಡದಲ್ಲಿ ಹಿಡಿದಿರುವುದರಿಂದ ಅದು 100 ಡಿಗ್ರಿಗೆ ಕುದಿಯದು. ವಾಯುಮಂಡಲದ ಒತ್ತಡದಷ್ಟೇ ಒತ್ತಡವನ್ನು ಹೆಚ್ಚಾಗಿ ಹೇರಿದರೆ ಕುದಿಯುವ ಹಂತವು ಸುಮಾರು 120 ಡಿಗ್ರಿಗೆ ಏರುತ್ತದೆ. ಆದರೂ ಮುಳ್ಳು ಅಲ್ಲಿಯವರೆಗೆ ಹೋಗಲು ಯಾರೂ ಕಾಯುವುದಿಲ್ಲ. ಏರುತ್ತಿರುವ ವಿಮಾನದಲ್ಲಿ ಮುಳ್ಳು ತಾನು ಗೊತ್ತುಮಾಡಿಕೊಂಡ ಮಿತಿಯನ್ನು ಮುಟ್ಟಿದೊಡನೆ ಚಾಲಕನು ಮೂಗನ್ನು ತುಸು ತಗ್ಗಿಸುತ್ತಾನೆ, ಎಂಜಿನ್ನಿನ ಶಕ್ತಿಯನ್ನು ಕಡಮೆ ಮಾಡುತ್ತಾನೆ. ವೇಗ ಹೆಚ್ಚುತ್ತದೆ, ನಾಳದ ಒತ್ತಡ ಹೆಚ್ಚುತ್ತದೆ. ಮುಳ್ಳು ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯುತ್ತದೆ. ಬೇಕಾದ ಎತ್ತರವನ್ನು ತಲುಪಿ ವಿಮಾನ ಸಮನಾದ ಮೇಲೆ ಆತನು ಬಾಲದ ಬಾಗಿಲನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ ಬರುತ್ತಾನೆ. ಪ್ರತಿ ಸಲವೂ ಒಂದೆರಡು ನಿಮಿಷ ಕಾದು, ನೀರು ಮತ್ತು ಎಣ್ಣೆಯ ಉಷ್ಣತೆಯನ್ನೂ ವಿಮಾನದ ವೇಗವನ್ನೂ ಮಡಿಲಲ್ಲಿರುವ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನೆಲಕ್ಕಿಳಿದ ಮೇಲೆ ಆ ಅಂಕಿಗಳನ್ನು ಎದುರಿಗಿಟ್ಟುಕೊಂಡು ನಾಳದ ಯಾವ ಭಾಗವನ್ನು ಉಜ್ಜಬೇಕು, ಯಾವ ಸಂದನ್ನು ಮುಚ್ಚಬೇಕು ಎಂಬ ಕೆಲಸ ಮತ್ತೆ ಮೊದಲಾಗುತ್ತದೆ.